ಹುಲ್ಲಿನ ಔಷಧಿ ಕುಡಿದು ತೋರಿಸಿದ್ದು

ಮೂಡಿಗೆರೆ
14-9-1981, ಸೋಮವಾರ

ಪ್ರೀತಿಯ ಅಣ್ಣಯ್ಯನಿಗೆ ಗಿರಿಜೆಯ ನಮಸ್ಕಾರಗಳು.

ನಿನ್ನ ಸೊಂಟದ ನೋವು ಈಗ ಹೇಗಿದೆ? ಕುದುರೆಮುಖದಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ಅತ್ತಿಗೆ ಬರೆದಿದ್ದರು. ಒದ್ದೆ ಬಟ್ಟೆಯಲ್ಲೇ ಆಫೀಸಿನಲ್ಲಿ ಕೂರಬೇಡ, ಒಂದು ಜೊತೆ ಅಲ್ಲೇ ಇಟ್ಟುಕೋ. ಅತ್ತಿಗೆ ಕಳಿಸಿದ ನೆಲ್ಲಿಕಾಯಿ ಉಪ್ಪಿನಕಾಯಿ ತಲುಪಿತು. ಅದರ ಬಗ್ಗೆ ಉದ್ದಕ್ಕೆ ಬರೆಯಬೇಕೆಂದಿದ್ದೆ, ಈಗ ಕೈಯೇ ಓಡುತ್ತಿಲ್ಲ.

ಗೋಣಿಬೀಡಿನ ಹತ್ತಿರ ಚಿಕ್ಕ ಕಾಫಿ ತೋಟ ಮಾಡಿಕೊಂಡಿದ್ದ ಗುರುವಯ್ಯನವರು ನಿನಗೆ ನೆನಪಿರಬೇಕು. ನನ್ನ ಮದುವೆಯಲ್ಲಿ ಬಡಿಸಲು ನಿಂತು ತಾವು ಊಟ ಮಾಡುವುದನ್ನೇ ಮರೆತವರು. ಅವರು ಹೋಗಿಬಿಟ್ಟರು ಅಣ್ಣಯ್ಯ. ಗುರುವಾರ ಮಣ್ಣು ಮಾಡಿ ಬಂದೆವು. ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ. ನಡುವೆ ತಪ್ಪಿದರೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಭಾವ ಈ ವರ್ಷ ಅಂಗಡಿಗೆ ಗೊಬ್ಬರದ ಜೊತೆ ಹುಲ್ಲು ಸುಡುವ ಔಷಧಿಯನ್ನೂ ತರಿಸಿದ್ದರು. ಕಳೆ ಹುಟ್ಟಿ ಎಲೆ ಬಿಟ್ಟ ಮೇಲೆ ಬಿಸಿಲಿರುವ ದಿನ ನೋಡಿ ಹೊಡೆಯಬೇಕು, ಕಾಫಿ ಗಿಡದ ಎಲೆಗೆ ಮಾತ್ರ ತಾಗಿಸಬಾರದು. ಬೆಳಿಗ್ಗೆ ಹೊಡೆದರೆ ಸಂಜೆಗೆಲ್ಲ ಹುಲ್ಲು ಬಿಸಿನೀರು ಹುಯ್ದ ಹಾಗೆ ಬೆಂದು ಮಲಗುತ್ತದೆ. ತೋಟದವರಿಗೆ ಆಸೆ, ಕೆಲಸದವರಿಗೆ ಹೆದರಿಕೆ. ಅದಕ್ಕೇ ಇವರು ಗುರುವಯ್ಯನವರ ತೋಟಕ್ಕೆ ಸುತ್ತಲಿನ ಬೆಳೆಗಾರರನ್ನೆಲ್ಲ ಕರೆಸಿ, ಹೊಡೆದು ತೋರಿಸಲು ಹೋದರು. ಹೊರಡುವ ಮುಂಚೆ ಗಂಟಲು ಕೆರೆಯುತ್ತೆ ಅಂದರು. ನಾನು ಶುಂಠಿ ಕಷಾಯ ಮಾಡಿ ಬಾಟ್ಲಿಗೆ ತುಂಬಿಸಿಕೊಟ್ಟೆ.

ಅವತ್ತು ಸಂಜೆ ಅಂಗಡಿಗೆ ಬಂದವರದೆಲ್ಲ ಅದೇ ಮಾತು. ಶಾಂತವೀರಪ್ಪನವರು, ಅಂದರೆ ಇವರು, ಆ ಔಷಧಿಯನ್ನು ಮುಚ್ಚಳದಲ್ಲಿ ಹುಯ್ದುಕೊಂಡು ಎಲ್ಲರೆದುರು ಕುಡಿದೇಬಿಟ್ಟರಂತೆ. “ಇದು ಹುಲ್ಲಿಗೆ ವಿಷ ಮಾರಾಯ್ರೇ, ಮನುಷ್ಯನಿಗಲ್ಲ” ಅಂದರಂತೆ. ನಾನು ಇವರಿಗೆ ಚೆನ್ನಾಗಿ ಬೈದೆ. ಇವರು ನಕ್ಕು, “ನಾನು ಗಟ್ಟಿ ಕಣೇ” ಅಂದು ಊಟಕ್ಕೆ ಕೂತರು. ನಾನು ಕೆಲವು ದಿನ ಇವರು ಮಲಗಿದಾಗ ಉಸಿರು ನೋಡುತ್ತಿದ್ದೆ. ಏನೂ ಆಗಲಿಲ್ಲ, ಮರೆತೆ.

ಆಮೇಲೊಂದು ಬೆಳಿಗ್ಗೆ ಗುರುವಯ್ಯನವರ ಮೇಸ್ತ್ರಿ ಚೌಡಯ್ಯ ಅಂಗಡಿಗೆ ಓಡಿ ಬಂದ. ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದಿದ್ದಾರೆ, ಉಸಿರು ಸಿಗುತ್ತಿಲ್ಲ ಅಂದ. ವಾರದ ಹಿಂದೆ ಆಳುಗಳು ಔಷಧಿಯ ಟ್ಯಾಂಕು ಹೊರಲು ಒಪ್ಪಲಿಲ್ಲವಂತೆ. ಗುರುವಯ್ಯನವರು ಗದರಲಿಲ್ಲ. “ನಿಮ್ ಬೆನ್ನಿಗೆ ಹೊರಿಸೋ ಮುಂಚೆ ನಾನೇ ಕುಡೀತೀನಿ. ಶಾಂತವೀರಪ್ಪ ನನ್ ಕಣ್ಣೆದುರೇ ಕುಡ್ದಿದ್ದಾನೆ” ಅಂದು, ಕ್ಯಾನಿನಿಂದ ಮುಚ್ಚಳದ ತುಂಬ ಹುಯ್ದು ಕುಡಿದರಂತೆ. ಕೂಡಲೇ ವಾಂತಿಯಾಯಿತು. ಮಾರನೇ ದಿನ ನಾಲಿಗೆ ಸುಲಿಯಿತು. “ಅವನಿಗೆ ಏನಾಯ್ತು? ನಂಗೂ ವಾಸಿ ಆಗುತ್ತೆ” ಅಂತ ಡಾಕ್ಟರ ಹತ್ತಿರ ಹೋಗದೆ ಮಜ್ಜಿಗೆ ಕುಡಿದುಕೊಂಡು ತೋಟ ತಿರುಗಿದರು. ಉಸಿರು ಕಟ್ಟಲು ಶುರುವಾದಾಗ ಕಾಲ ಮೀರಿತ್ತು. ಇದು ಹೊಟ್ಟೆಗೆ ಹೋದರೆ ಮದ್ದೇ ಇಲ್ಲ ಅಂದರಂತೆ ಮಂಗಳೂರಿನ ಡಾಕ್ಟರು.

ಅದನ್ನು ಕೇಳಿ ನನಗೆ ಹೊಳೆದದ್ದು ಒಂದೇ. ಇವರೂ ಕುಡಿದಿದ್ದಾರಲ್ಲ! ಇವರ ರಟ್ಟೆ ಹಿಡಿದು, “ಏಳಿ, ಈಗಲೇ ಜೀಪು ಮಾಡಿಸಿ, ನಾವೂ ಮಂಗಳೂರಿಗೆ ಹೋಗೋಣ” ಅಂತ ಕಿರುಚಿದೆ. ಇವರು ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. “ಸುಮ್ನಿರು. ನಂಗೇನೂ ಆಗಲ್ಲ. ನಾನು ಕುಡ್ದಿದ್ದು ನೀನು ಮಾಡಿಕೊಟ್ಟ ಕಷಾಯ” ಅಂದರು.

ಅಣ್ಣಯ್ಯ, ನನಗೆ ಮೊದಲು ಸಮಾಧಾನವಾಯಿತು. ಗಂಡ ಉಳಿದ ಅಂತ. ಆಮೇಲೆ ಅರ್ಥವಾಯಿತು. ಔಷಧಿಯ ಖಾಲಿ ಬಾಟ್ಲಿ ತೊಳೆದು ಅದರಲ್ಲಿ ನನ್ನ ಕಷಾಯ ತುಂಬಿಕೊಂಡು ಹೋಗಿದ್ದರು. “ಗುರುವಯ್ಯನವರಿಗಾದರೂ ಗುಟ್ಟಾಗಿ ಹೇಳಬಾರದಿತ್ತಾ?” ಅಂದೆ. “ಅವನೂ ಕುಡೀತಾನೆ ಅಂತ ನಂಗೇನು ಕನಸು ಬಿದ್ದಿತ್ತಾ? ಇದು ಈ ಬಾಗಿಲು ದಾಟಬಾರದು” ಅಂದರು. ಆಗ ಅಗಳಿ ಹಾಕಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದರು. ಆದರೆ ಹೊರಗೆ ಬಂದು ಚೌಡಯ್ಯನಿಗೆ ಕಾಫಿ ತರಿಸಿ, ಏನೂ ಗೊತ್ತಿಲ್ಲದವರ ಹಾಗೆ ಮಾತಾಡಿಸಿದರು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇವರು ಕುಡಿದು ಚೆನ್ನಾಗಿದ್ದಾರೆ, ಗುರುವಯ್ಯನವರು ಕುಡಿದು ಸತ್ತರು. ಹಾಗಾಗಿ ಊರಿನವರು, ಅವರು ಸಾಯಲೆಂದೇ ಬೇರೆ ಏನೋ ಬೆರೆಸಿ ಕುಡಿದರು ಅನ್ನುತ್ತಿದ್ದಾರೆ. ಹೆಂಡತಿಯ ಜೊತೆ ಜಗಳವಿತ್ತಂತೆ ಅಂತಲೂ ಸೇರಿಸಿದ್ದಾರೆ. ಅಂಗಡಿಯಲ್ಲಿ ಹಾಗೆ ಅಂದಾಗ ಇವರು ತಲೆ ತಗ್ಗಿಸಿ ಸುಮ್ಮನಿದ್ದರು. ಮಣ್ಣು ಮಾಡಿದ ದಿನ ಅವರ ಹೆಂಡತಿ ಬಸಮ್ಮ ನನ್ನ ಕೈ ಹಿಡಿದು, “ನಾನೇನು ಅಂದೆ ಅಂತ ಹಿಂಗೆ ಮಾಡಿದ್ರು ಗಿರಿಜಕ್ಕಾ? ಮೆಣಸಿನ ಬಳ್ಳಿ ಕಟ್ಟಿಸ್ಲಿಲ್ಲ ಅಂತ ರೇಗಿದ್ದೆ, ಅಷ್ಟೇ” ಅಂದಳು. ನಾನು ಅವಳ ಕಣ್ಣೊರೆಸಿ ಎದ್ದು ಬಂದೆ.

ಏನು ಮಾಡಲಿ ಅಣ್ಣಯ್ಯ? ಇವರು ಕೆಟ್ಟವರಲ್ಲ, ನಿನಗೂ ಗೊತ್ತು. ಆದರೆ ಪಕ್ಕದಲ್ಲಿ ಕೂರಲಾಗುತ್ತಿಲ್ಲ.

ಅತ್ತಿಗೆಗೆ ನನ್ನ ನೆನಪು ತಿಳಿಸು, ಮಕ್ಕಳ ತಲೆ ಸವರು. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಗಿರಿಜಾಂಬಾ

ಮರೆತ ಮಾತಲ್ಲ, ಈಗ ಆದದ್ದು: ಈ ಕಾಗದವನ್ನು ಅಂಚೆಗೆ ಹಾಕಲು ಹೊರಟವಳು ಗೋಣಿಬೀಡಿನ ಬಸ್ಸು ಹತ್ತಿಬಿಟ್ಟೆ. ಬಸಮ್ಮನಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. “ಹಂಗಾದ್ರೆ ಅವ್ರು ನನ್ ಮೇಲಿನ ಸಿಟ್ಟಿಗೆ ಕುಡೀಲಿಲ್ಲ, ಅಲ್ವಾ?” ಅಂದಳು. ಇಲ್ಲ ಅಂದೆ. ಮಗಳನ್ನು ಒಳಗಿನಿಂದ ಕರೆದು, “ಇನ್ನೊಂದ್ಸಲ ಹೇಳಿ, ಇವಳೂ ಕೇಳ್ಲಿ” ಅಂದಳು. ಹೇಳಿದೆ. ಈಗ ಚೌಡಯ್ಯನನ್ನೂ ಆಳುಗಳನ್ನೂ ಕರೆಸಿದ್ದಾಳೆ, ಅವರೆದುರೂ ಹೇಳಬೇಕು. ಇವರಿಗೆ ಇನ್ನೂ ಗೊತ್ತಿಲ್ಲ. ನಾನು ಬಸಮ್ಮನ ಮನೆಯಲ್ಲೇ ಇರುತ್ತೇನೆ. ನೀನು ಈ ಕಾಗದ ಸಿಕ್ಕ ಕೂಡಲೇ ಮೊದಲು ಮೂಡಿಗೆರೆಗೆ ಹೋಗಿ ಇವರ ಜೊತೆ ಇರು, ಒಬ್ಬರನ್ನೇ ಬಿಡಬೇಡ. ಅಂಗಡಿಯಲ್ಲಿ ಆ ಕ್ಯಾನುಗಳು ಇನ್ನೂ ಇವೆ.