ಎರಡು ಒದ್ದೆ ಟವೆಲ್

ಅಮ್ಮಾ,

ನಿನ್ನ ಹಳೆಯ ವಾಷಿಂಗ್ ಮಷಿನ್ ಈಗ ನನ್ನ ಸ್ಟುಡಿಯೋದಲ್ಲಿದೆ. ನೀನಿದ್ದಿದ್ದರೆ ಮೊದಲು ಬೈದು, ಆಮೇಲೆ ಅದರ ಕೆಳಗಿನ ನೆಲ ಒರೆಸುತ್ತಿದ್ದೆ.

ಕೋಣೆಯಲ್ಲಿ ಕೂತು ನಾನು ಮಾಡಿದ ಮೊದಲ ಹಾಡುಗಳನ್ನೆಲ್ಲ ನೀನು ಬಟ್ಟೆ ಒಗೆಯುತ್ತಲೇ ಕೇಳಿದವಳು. ಬಚ್ಚಲುಮನೆಯಲ್ಲಿ ಮಷಿನ್ ಗಡಗಡ ಅನ್ನುವಾಗ ಅಲ್ಲಿಂದಲೇ ನಿನ್ನ ಕೂಗು: "ಡಬಡಬ ಬಿಟ್ರೆ ಏನೂ ಕೇಳಿಸ್ತಿಲ್ಲ ಕಣೋ. ಆ ಹಾಡೋ ಹುಡುಗಿ ಪಾಪ ಏನೋ ಹೇಳ್ತಿದಾಳೆ, ಹೇಳೋಕೆ ಬಿಡು." ನಾನು ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಈಗ ತಲೆ ನರೆತಿದೆ, ಮ್ಯೂಸಿಕ್ ಪ್ರೊಡ್ಯೂಸರ್ ಅಂತ ಬೋರ್ಡ್ ಹಾಕಿಕೊಂಡಿದ್ದೇನೆ. ಹೊಸಬರಿಗೆ ನಿನ್ನ ಮಾತನ್ನೇ ಹೇಳುತ್ತೇನೆ, ನಾಲ್ಕು ಇಂಗ್ಲಿಷ್ ಪದ ಸೇರಿಸಿ.

ಇವತ್ತೊಬ್ಬ ಗಾಯಕ ಬಂದಿದ್ದ. ದೊಡ್ಡ ಸ್ಪೀಕರಿನಲ್ಲಿ ತನ್ನ ಹಾಡು ಕೇಳಿ, "ಬೆಂಕಿ ಸಾರ್, ಮುಗೀತು ಬಿಡಿ" ಅಂದ. ನಾನು ಎರಡು ಒದ್ದೆ ಟವೆಲ್ ಹಾಕಿ ಮಷಿನ್ ಚಾಲು ಮಾಡಿ, ಹಾಡನ್ನು ಇನ್ನೊಮ್ಮೆ ಕೇಳಿಸಿದೆ. ಅವನು ಮಿಕಿಮಿಕಿ ನೋಡಿದ. ಆ ಗಡಗಡದಲ್ಲಿ ಅವನ ದನಿಯೇ ನಾಪತ್ತೆ, ಬರೀ ಡ್ರಮ್ಸು.

"ಇದನ್ನ ಯಾವ ಕಾಲೇಜಲ್ಲಿ ಹೇಳ್ಕೊಟ್ರು ಸಾರ್?"

"ಬಚ್ಚಲುಮನೇಲಿ."

ಡ್ರಮ್ಸ್ ತಗ್ಗಿಸಿ ಮತ್ತೆ ಹಾಕಿದೆ. ಈ ಸಲ ಗಡಗಡದ ನಡುವೆಯೂ ಒಂದೊಂದು ಮಾತು ಬಿಡಿಬಿಡಿಯಾಗಿ ಕೇಳಿಸಿತು. ನನಗೇನಾಯಿತೋ, ಎದ್ದು ಹೋಗಿ ಬಾಗಿಲು ತೆರೆದು, "ಈಗ ಕೇಳಿಸ್ತಾ?" ಎಂದು ಕೂಗಿಬಿಟ್ಟೆ.

ಹಿಂದೆ ಕೂತಿದ್ದ ಗಾಯಕ ಬೆಚ್ಚಿಬಿದ್ದು, "ಕೇಳಿಸ್ತು ಸಾರ್" ಅಂದ.