ಬಿರುಕಿನ ಮೇಲಿನ ಉಗುರುಬಣ್ಣ

ತಮ್ಮಾ,

ಅಗ್ಗಕ್ಕೆ ಸಿಕ್ತು ಅಂತ ನೀನು ಸೈಕಲ್ಲಿಗೆ ತಂದ ಹಳೇ ಕರೀ ಕಾರ್ಬನ್ ಚಕ್ರಗಳನ್ನ ಬೆಳಕಿಗೆ ಹಿಡಿದು ನೋಡಿದೆ. ಮುಂದಿನ ರಿಮ್ಮಿನ ಬಿರುಕಿನ ಮೇಲೆ ಬಳಿದಿರೋದು ನನ್ನ ಕಪ್ಪು ಉಗುರುಬಣ್ಣ. ಕಣ್ಣಿಗೆ ಮಣ್ಣೆರಚೋಕೆ ನಿನಗೆ ಅಕ್ಕನೇ ಸಿಕ್ಕಳೇನೋ?

ಬಚ್ಚಿಟ್ಟರೂ ಹುಡುಕಿ ತೆಗೀತೀಯ, ಅದಕ್ಕೇ ಅವನ್ನ ಅಲ್ಲೇ ಬಿಟ್ಟಿದ್ದೀನಿ. ಬಾಗಿಲ ಹಿಂದೆ ನಿನ್ನ ಹಳೇ ಅಲ್ಯೂಮಿನಿಯಂ ಚಕ್ರಗಳಿವೆ. ಭಾರ, ನಿಜ; ಆದರೆ ಕೈ ಕೊಡಲ್ಲ. ಅವಕ್ಕೆ ಹೊಸ ಟೈರು ಹಾಕಿಸಿದ್ದೀನಿ. ತಿರುವಿನಲ್ಲಿ ನಿನ್ನ ಹಿಡಿಯೋದು ಟೈರು ಕಣೋ, ಶೋಕಿ ಅಲ್ಲ. ಟೈರು ಕಲ್ಲಾಗೋ ಹಾಗೆ ಗಾಳಿ ತುಂಬಬೇಡ, ಜಾರುತ್ತೆ.

ಊಟ ಮುಚ್ಚಿಟ್ಟಿದ್ದೀನಿ, ತಿಂದು ಹೋಗು.

ಇವತ್ತು ರೇಸಿಗೆ ನಮ್ಮ ಆಸ್ಪತ್ರೆಯ ಆಂಬುಲೆನ್ಸೇ ಬರುತ್ತೆ. ಮೂರನೇ ತಿರುವಿನಲ್ಲಿ ನಿಲ್ಲಿಸ್ತಾರೆ. ನರ್ಸ್ ನಾನೇ. ಮೊದಲನೇ ಸುತ್ತಲ್ಲಿ ನಿನ್ನ ಮುಖ ನೋಡಲ್ಲ, ಚಕ್ರ ನೋಡ್ತೀನಿ. ಕರೀದು ಕಂಡರೆ ಆಗಲೇ ಸ್ಟ್ರೆಚರ್ ಕೆಳಗಿಳಿಸ್ತೀನಿ.