ನಿಂಬೆ ನೀರು, ನಿನ್ನ ಗುಳಿಗೆ

ರೇವಣಸಿದ್ಧ,

ಇದನ್ನು ಸೋಲಾಪುರಕ್ಕೆ ಕಳಿಸುವುದಿಲ್ಲ. ದೊಡ್ಡ ಡಾಕ್ಟರ್ ನೀನು, ನನ್ನಂಥ ನಿಸರ್ಗೋಪಚಾರದವನ ಕಾಗದ ಏಕೆ ಓದುತ್ತೀ?

ಇವತ್ತು ವಳಸಂಗದ ನನ್ನ ಕೇಂದ್ರದಲ್ಲಿ ನಿನ್ನ ಪೇಶಂಟ್, ಅಕ್ಕಲಕೋಟೆಯ ಸಾತಲಿಂಗಪ್ಪ, ಹೆಂಡತಿಯ ಹಣೆ ಒಡೆದ. ಎತ್ತಿನ ಮೇಲೂ ಬಾರುಕೋಲು ಎತ್ತದ ಮನುಷ್ಯ, ಹಿತ್ತಾಳೆ ತಂಬಿಗೆಯಿಂದ ಹೊಡೆದ. ಬಿಡಿಸಲು ಹೋದವರನ್ನು ಒದ್ದ. ಹುಚ್ಚು ಹಿಡಿದಿದೆಯೆಂದು ಜನ ಬಡಿಗೆಯಿಂದ ಬಡಿದು ಕೆಡವಿದರು. ಅವನನ್ನು ಒತ್ತಿ ಹಿಡಿದಾಗ ಮೈಯ ತಣ್ಣನೆಯ ಬೆವರು ನನ್ನ ಕೈಗೆ ಹತ್ತಿತು. ಹುಚ್ಚಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿತ್ತು! ವಸಡಿಗೆ ಜೇನುತುಪ್ಪ ತಿಕ್ಕಿದೆ. ನನ್ನ ಬೆರಳು ಕಚ್ಚಿ ಸೀಳಿದ.

ಅವನ ಹೆಂಡತಿ ಶಾರದಾಬಾಯಿ ಅಳುತ್ತ ಹೇಳಿದಳು: “ನೀವು ಕೊಟ್ಟ ನಿಂಬಿ ನೀರಿನ ಉಪಾಸದಾಗೂ ಶುಗರಿನ ಗುಳಿಗಿ ಪೂರಾ ತಗೊಂಡಾರ್ರಿ. ಕಡಿಮಿ ಮಾಡ್ಲೇನಂತ ಡಾಕ್ಟರಿಗೆ ಕೇಳಿದ್ರ, ನಿಮ್ಮ ಕಡಿ ಬಂದೀವಂತ ಅವರು ಬೈತಾರ. ಗುಳಿಗಿ ತಗೋತೀವಂತ ನಿಮಗ ಹೇಳಿದ್ರ, ನೀವು ಬೈತೀರಿ.”

ಮೊದಲೆಲ್ಲ ಯಾರನ್ನೇ ಉಪವಾಸಕ್ಕೆ ಕೂರಿಸುವ ಮುನ್ನ ನಾನು ನಿನಗೆ ಫೋನ್ ಮಾಡುತ್ತಿದ್ದೆ, ನೀನು ಗುಳಿಗೆ ಕಡಿಮೆ ಮಾಡುತ್ತಿದ್ದೆ. ಈಗ ನಿನ್ನ ಬಾಯಲ್ಲಿ ನಾನು ಕಳ್ಳ ವೈದ್ಯ, ನನ್ನ ಬಾಯಲ್ಲಿ ನೀನು ವಿಷ ಮಾರುವವ.

ಸಾತಲಿಂಗಪ್ಪನಿಗೆ ಎಚ್ಚರವಾಯಿತು. ಏನೂ ನೆನಪಿಲ್ಲ. ಹೆಂಡತಿಯ ಮುಖದ ಮೇಲಿನ ನೆತ್ತರು ನೋಡಿ ಎದ್ದು ಕೂತ. “ಯಾರ ಹೊಡದಾರ ನಿನಗ? ಹೆಸರ ಹೇಳು, ಕಡದ ಹಾಕ್ತೀನಿ!”

ಅವಳು ನನ್ನ ಮುಖ ನೋಡಿದಳು.